ಮಣಿಗೆ ಅಂಟಿದ ಬ್ಯಾಕ್ಟೀರಿಯಾ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ನಮ್ಮ ಶಾಲೆಯ 2005ರ ಎಸ್.ಎಸ್.ಎಲ್.ಸಿ. ತಂಡದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀವು ಕಂಪ್ಯೂಟರಿನವರು, ಕೃತಕ ಬುದ್ಧಿಮತ್ತೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಎಂದರು. ಆ ವಿಷಯವನ್ನು ಈ ಮಕ್ಕಳು ದಿನವೂ ಮೊಬೈಲಿನಲ್ಲಿ ನೋಡುತ್ತಾರೆ, ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಹಾಗಾಗಿ ಅವರ ಒಪ್ಪಿಗೆ ಕೇಳಿ ವಿಷಯ ಬದಲಾಯಿಸಿಕೊಂಡೆ. ನಾನು ಇವತ್ತು ಮಾತಾಡುವುದು ಬ್ಯಾಕ್ಟೀರಿಯಾದ ಬಗ್ಗೆ. ನಗಬೇಡಿ. ಹೋದ ತಿಂಗಳು ನಾನು ಊರಿನಲ್ಲೇ ಕೂತು ಆಫೀಸಿನ ಕೆಲಸ ಮಾಡುತ್ತಾ, ಸಂಜೆ ಮೂರೂವರೆಯ ನಂತರ ಇಲ್ಲಿಗೆ ಬಂದು ಒಂಬತ್ತನೆಯ ತರಗತಿಯ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದೆ. ನಾನು ಮಾಡಿದೆ ಎನ್ನುವುದು ತಪ್ಪು. ಮಾಡಿದವರು ಮಕ್ಕಳು ಮತ್ತು ಅವರ ವಿಜ್ಞಾನದ ಟೀಚರ್. ಹೇಳಿಕೊಟ್ಟವನು ಜಿಲ್ಲಾ ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುವ ನನ್ನ ಗೆಳೆಯ. ನಾನು ಗಾಡಿ ಓಡಿಸಿದೆ, ಸಾಮಾನು ತಂದೆ, ಬಾಟಲಿ ತೊಳೆದೆ. ಆ ಪ್ರಯೋಗ ಏನು, ಅದನ್ನು ಯಾಕೆ ಮಾಡಬೇಕೆನಿಸಿತು, ಇಷ್ಟನ್ನೇ ಹೇಳುತ್ತೇನೆ.

ನಾವು ಓದುವಾಗಲೂ ಇಲ್ಲಿ ಪ್ರಯೋಗಾಲಯ ಇತ್ತು. ಈಗ ಬಿಸಿಯೂಟದ ಅಕ್ಕಿ ಇಡುವ ಕೋಣೆಯ ಪಕ್ಕದ್ದು. ಗಾಜಿನ ಬೀರು, ಬೀರುವಿಗೆ ಬೀಗ, ಒಳಗೆ ಒಂದು ಮೈಕ್ರೋಸ್ಕೋಪು. ಅದನ್ನು ಮೇಷ್ಟ್ರು ಮೂರು ವರ್ಷದಲ್ಲಿ ಒಂದು ಸಲ ಹೊರಗೆ ತೆಗೆದು, ಮೇಜಿನ ಮೇಲಿಟ್ಟು, ಭಾಗಗಳ ಹೆಸರು ಹೇಳಿ, ಮತ್ತೆ ಒಳಗಿಟ್ಟರು. ಅವರನ್ನು ದೂರುತ್ತಿಲ್ಲ. ಒಂದು ಲೆನ್ಸು ಒಡೆದರೆ ಅವರ ಸಂಬಳದಿಂದ ಕಟ್ಟಬೇಕು ಎಂಬ ಭಯ ಅವರಿಗಿತ್ತು. ಜೀವವಿಕಾಸದ ಪಾಠದಲ್ಲಿ ಜಿರಾಫೆಯ ಚಿತ್ರ ಇತ್ತು. ಲಾಮಾರ್ಕನ ವಾದಕ್ಕೂ ಡಾರ್ವಿನ್ನನ ವಾದಕ್ಕೂ ಇರುವ ವ್ಯತ್ಯಾಸ ಬರೆಯಿರಿ ಎಂಬುದು ಪರೀಕ್ಷೆಗೆ ಬಂದೇ ಬರುವ ಪ್ರಶ್ನೆ. ನಾನು ಬಾಯಿಪಾಠ ಮಾಡಿ ಬರೆದೆ, ಪೂರ್ತಿ ಅಂಕ ಬಂತು. ಆಮೇಲೆ ಪಿ.ಯು.ಸಿ.ಯಲ್ಲಿ ಗಣಿತ, ಕಂಪ್ಯೂಟರ್ ತೆಗೆದುಕೊಂಡು ಜೀವಶಾಸ್ತ್ರಕ್ಕೆ ಕೈಮುಗಿದೆ. ಪೂರ್ತಿ ಅಂಕ ಬಂದ ಆ ಉತ್ತರ ನನಗೆ ಅರ್ಥವಾಗಿರಲಿಲ್ಲ ಎಂದು ಗೊತ್ತಾಗಲು ಹದಿನೈದು ವರ್ಷ ಬೇಕಾಯಿತು.

ಗೊತ್ತಾದದ್ದು ಅಪ್ಪಯ್ಯನ ಕಾಲಿನಿಂದ. ಅವರು ಇಲ್ಲೇ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ, ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ. ಐದು ವರ್ಷದ ಹಿಂದೆ ತೋಟದಲ್ಲಿ ಅಡಿಕೆ ದಬ್ಬೆಯ ಸಿಬಿರು ಅವರ ಬಲಗಾಲಿನ ಬೆರಳಿಗೆ ಹೊಕ್ಕಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಗಾಯ ಕೀವಾಯಿತು. ಪೇಟೆಯ ಔಷಧಿ ಅಂಗಡಿಯಲ್ಲಿ ಹೇಳಿ ಮೂರು ದಿನದ ಮಾತ್ರೆ ತಂದರು, ನೋವು ಕಡಿಮೆಯಾಯಿತು, ಬಿಟ್ಟರು. ಹದಿನೈದು ದಿನ ಬಿಟ್ಟು ಮತ್ತೆ ಕೀವು, ಮತ್ತೆ ಬೇರೆ ಮಾತ್ರೆ. ಹೀಗೆ ಮೂರು ಸಲ. ನಾನು ಬೆಂಗಳೂರಿನಿಂದ ಫೋನಿನಲ್ಲಿ "ಹುಷಾರಾ ಅಪ್ಪಯ್ಯ" ಎಂದು ಕೇಳುತ್ತಿದ್ದೆ, ಅವರು "ಹ್ಞೂಂ" ಎನ್ನುತ್ತಿದ್ದರು. ಕೊನೆಗೆ ಆಸ್ಪತ್ರೆಗೆ ಸೇರಿಸಿದಾಗ ಕೀವನ್ನು ಪರೀಕ್ಷೆಗೆ ಕಳಿಸಿದರು. ಎರಡು ದಿನ ಬಿಟ್ಟು ಒಂದು ಹಾಳೆ ಬಂತು. ಎಡಗಡೆ ಹದಿನಾಲ್ಕು ಔಷಧಿಗಳ ಹೆಸರು, ಬಲಗಡೆ ಒಂದೊಂದೇ ಅಕ್ಷರ. ಆರ್, ಆರ್, ಆರ್, ಎಸ್, ಆರ್. ಬಿ.ಇ. ಓದಿದವನು ನಾನು, ಆ ಹಾಳೆ ಹಿಡಿದು ಕಾರಿಡಾರಿನಲ್ಲಿ ನಿಂತೆ. ಅದು ನನಗೆ ಓದಲು ಬರಲಿಲ್ಲ.

ಅಲ್ಲಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ನನ್ನ ಮುಖ ನೋಡಿ ಒಳಗೆ ಕರೆದು ಒಂದು ಗಾಜಿನ ತಟ್ಟೆ ತೋರಿಸಿದಳು. ಅಂಗೈ ಅಗಲದ ತಟ್ಟೆ, ಅದರ ತುಂಬ ತೆಳ್ಳಗೆ ಕೆನೆ ಬಳಿದ ಹಾಗೆ ಬ್ಯಾಕ್ಟೀರಿಯಾ. ಅದರ ಮೇಲೆ ಬಿಂದಿಯಷ್ಟು ದೊಡ್ಡ ಕಾಗದದ ಚುಕ್ಕೆಗಳನ್ನು ಇಟ್ಟಿದ್ದರು. ಒಂದೊಂದು ಚುಕ್ಕೆಗೆ ಒಂದೊಂದು ಔಷಧಿ ನೆನೆಸಿರುತ್ತಾರಂತೆ. ಔಷಧಿ ಕೆಲಸ ಮಾಡಿದ ಕಡೆ ಚುಕ್ಕೆಯ ಸುತ್ತ ಕೆನೆ ಮಾಯವಾಗಿ ಕನ್ನಡಿಯಂಥ ವೃತ್ತ. ಕೆಲಸ ಮಾಡದ ಕಡೆ ಬ್ಯಾಕ್ಟೀರಿಯಾ ಚುಕ್ಕೆಯ ಅಂಚಿನವರೆಗೂ ಬಂದು ಬೆಳೆದಿದೆ. ಎಸ್ ಎಂದರೆ ಔಷಧಿಗೆ ಸಾಯುತ್ತದೆ, ಆರ್ ಎಂದರೆ ಸಾಯುವುದಿಲ್ಲ. ಆ ತಟ್ಟೆಯಲ್ಲಿ ವೃತ್ತ ಇದ್ದದ್ದು ಎರಡೇ ಚುಕ್ಕೆಗೆ. ಅಪ್ಪಯ್ಯನ ಜೀವ ಉಳಿಯಿತು, ಎರಡು ಬೆರಳು ಹೋದವು.

ನಾನು ಆ ಹೆಣ್ಣುಮಗಳನ್ನು ಕೇಳಿದೆ: "ಮಾತ್ರೆ ತಿಂದು ತಿಂದು ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗಿದೆ ಅಲ್ಲವಾ?" ಅವಳು ಹೇಳಿದಳು: "ಒಗ್ಗೋದಲ್ಲ ಸರ್. ಒಗ್ಗದೆ ಇದ್ದದ್ದೆಲ್ಲ ಸತ್ತುಹೋಯ್ತು. ಉಳಿದಿದ್ದು ಇದು." ನಾನು ಲಾಮಾರ್ಕನ ಪ್ರಶ್ನೆ ಕೇಳಿದ್ದೆ, ಅವಳು ಡಾರ್ವಿನ್ನನ ಉತ್ತರ ಕೊಟ್ಟಿದ್ದಳು. ಪೂರ್ತಿ ಅಂಕದ ಪ್ರಶ್ನೆ ಅದೇ.

ಇದು ನನ್ನೊಬ್ಬನ ತಪ್ಪು ತಿಳಿವಳಿಕೆ ಅಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣ ಮಾಡುತ್ತಾ, ಗಂಟಲು ನೋವಿಗೆ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುವ ಒಬ್ಬ ಕಾಲ್ಪನಿಕ ಮನುಷ್ಯನ ಕತೆ ಹೇಳಿ ಎಚ್ಚರಿಸಿದ್ದರು. ನಮ್ಮ ಅಪ್ಪಯ್ಯನ ಕತೆಯೇ. ಆದರೆ ಆ ಭಾಷಣದಲ್ಲಿ ಫ್ಲೆಮಿಂಗ್ ಕೂಡ ಬ್ಯಾಕ್ಟೀರಿಯಾಕ್ಕೆ ಪಾಠ ಕಲಿಸಿದ ಹಾಗಾಗುತ್ತದೆ ಎಂಬ ಅರ್ಥದ ಮಾತನ್ನೇ ಬಳಸಿದರು. ಮಾತಿನ ರೂಢಿ ಅಷ್ಟು ಗಟ್ಟಿ.

ಕಲಿಯುತ್ತವೋ ಉಳಿಯುತ್ತವೋ ಎಂಬುದನ್ನು ವಿಜ್ಞಾನಿಗಳು ತಟ್ಟೆಗಳಲ್ಲೇ ತೀರ್ಮಾನ ಮಾಡಿದರು. ಫ್ಲೆಮಿಂಗ್ ಭಾಷಣಕ್ಕೆ ಎರಡು ವರ್ಷ ಮೊದಲು, 1943ರಲ್ಲಿ, ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಎಂಬಿಬ್ಬರು ಒಂದು ಲೆಕ್ಕ ಹಾಕಿದರು. ಹಲವು ಟೆಸ್ಟ್ ಟ್ಯೂಬುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಎಲ್ಲಕ್ಕೂ ಒಂದೇ ಶತ್ರುವನ್ನು, ಅಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಒಂದು ವೈರಸ್ಸನ್ನು, ಎದುರು ಮಾಡಿದರು. ಶತ್ರುವನ್ನು ಕಂಡ ಮೇಲೆ ಒಗ್ಗಿಕೊಳ್ಳುವುದಾದರೆ ಎಲ್ಲ ಟ್ಯೂಬಿನಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ಉಳಿಯಬೇಕು. ಹಾಗಾಗಲಿಲ್ಲ. ಕೆಲವು ಟ್ಯೂಬಿನಲ್ಲಿ ಒಂದೂ ಇಲ್ಲ, ಕೆಲವಕ್ಕೆ ಒಂದೆರಡು, ಯಾವುದೋ ಒಂದರಲ್ಲಿ ನೂರಾರು. ಯಾಕೆ? ನಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ. ಪಹಣಿಯಲ್ಲಿ ಮುತ್ತಜ್ಜನ ಕಾಲದಲ್ಲೇ ಹೆಸರು ತಪ್ಪಾಗಿ ಬಿದ್ದರೆ ಇವತ್ತಿನ ಮೂವತ್ತು ಮೊಮ್ಮಕ್ಕಳ ಕಾಗದದಲ್ಲೂ ಅದೇ ತಪ್ಪು ಇರುತ್ತದೆ. ಹೋದ ವರ್ಷ ತಪ್ಪಾದರೆ ಒಬ್ಬನದ್ದರಲ್ಲಿ ಮಾತ್ರ. ಟ್ಯೂಬುಗಳ ನಡುವಿನ ಆ ದೊಡ್ಡ ಅಂತರವೇ ಹೇಳುತ್ತದೆ, ಬದಲಾವಣೆ ಶತ್ರು ಬರುವ ಮೊದಲೇ, ಬೇರೆ ಬೇರೆ ತಲೆಮಾರಿನಲ್ಲಿ, ತಾನಾಗಿ ಆಗಿತ್ತು ಎಂದು. ಲೂರಿಯಾಗೆ ಇದು ಹೊಳೆದದ್ದು ಒಂದು ಸಂತೋಷಕೂಟದಲ್ಲಿ, ಸಹೋದ್ಯೋಗಿಯೊಬ್ಬ ಜೂಜಿನ ಯಂತ್ರದ ಮುಂದೆ ಸೋಲುತ್ತಾ ಸೋಲುತ್ತಾ ಒಮ್ಮೆಲೇ ಗೆದ್ದದ್ದನ್ನು ನೋಡಿದಾಗ.

ಲೆಕ್ಕ ಬೇಡ, ಕಣ್ಣಿಗೆ ಕಾಣಬೇಕು ಎನ್ನುವವರಿಗೆ 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಉತ್ತರ ಕೊಟ್ಟರು. ಒಂದು ತುಂಡು ಮಕಮಲ್ಲು ಬಟ್ಟೆಯನ್ನು ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಒತ್ತಿ, ಅದೇ ಬಟ್ಟೆಯನ್ನು ಔಷಧಿ ಬೆರೆಸಿದ ಹೊಸ ತಟ್ಟೆಗಳಿಗೆ ಒತ್ತಿದರು, ಪಂಚಾಯ್ತಿ ಮೊಹರು ಒತ್ತಿದ ಹಾಗೆ. ಔಷಧಿ ಇರುವ ಎಲ್ಲ ತಟ್ಟೆಗಳಲ್ಲೂ ಬದುಕಿದ ಗುಂಪು ಒಂದೇ ಜಾಗದಲ್ಲಿತ್ತು. ಮೂಲ ತಟ್ಟೆಯ ಆ ಜಾಗದಲ್ಲಿ ಹುಡುಕಿದರೆ, ಔಷಧಿಯನ್ನು ಜನ್ಮದಲ್ಲಿ ಕಾಣದ, ಆದರೂ ಅದಕ್ಕೆ ಸಾಯದ ಬ್ಯಾಕ್ಟೀರಿಯಾ ಸಿಕ್ಕಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಆಸ್ಪತ್ರೆಯ ಬ್ಯಾಕ್ಟೀರಿಯಾ ಔಷಧಿ ತಾಳುವುದಕ್ಕೆ ತನ್ನ ಡಿಎನ್‌ಎಯಲ್ಲಿ ಅಕ್ಷರ ತಪ್ಪುವುದೊಂದೇ ದಾರಿಯಲ್ಲ. ಪಕ್ಕದ ಬ್ಯಾಕ್ಟೀರಿಯಾದಿಂದ ಒಂದು ಸಣ್ಣ ಡಿಎನ್‌ಎ ಉಂಗುರವನ್ನೇ ಪಡೆದುಕೊಳ್ಳಬಹುದು. ಅದನ್ನು ಪ್ಲಾಸ್ಮಿಡ್ ಎನ್ನುತ್ತಾರೆ. ಪರೀಕ್ಷೆ ಕೋಣೆಯಲ್ಲಿ ಚೀಟಿ ದಾಟಿಸಿದ ಹಾಗೆ. ಯಾರೂ ನಗುತ್ತಿಲ್ಲ, ಅಂದರೆ ಎಲ್ಲರಿಗೂ ಗೊತ್ತು ಎಂದಾಯಿತು. ಒಂದು ಚೀಟಿಯಲ್ಲಿ ನಾಲ್ಕೈದು ಔಷಧಿಗಳ ಉತ್ತರ ಬರೆದಿರಬಹುದು. ಇದನ್ನು 1950ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯರು ಆಮಶಂಕೆಯ ಬ್ಯಾಕ್ಟೀರಿಯಾದಲ್ಲಿ ಕಂಡರು. ಹಾಗಾಗಿ ಅಪ್ಪಯ್ಯನ ಕಾಲಿನದು ಅವರು ತಿಂದ ಮಾತ್ರೆಯಿಂದಲೇ ಆಯ್ದು ಉಳಿದದ್ದೋ, ಮೊದಲೇ ಹಾಗಿದ್ದದ್ದು ಎಲ್ಲಿಂದಲೋ ಬಂದು ಸೇರಿತೋ, ಹೇಳುವ ಹಾಗಿಲ್ಲ. ಅವರು ಈಗಲೂ "ನನ್ನದೇ ತಪ್ಪು" ಎನ್ನುತ್ತಾರೆ. ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ ಅಪ್ಪಯ್ಯ.

ಆ ತಟ್ಟೆ ನೋಡಿದ ಮೇಲೆ ನಾನು ರಾತ್ರಿಗಳಲ್ಲಿ ಓದತೊಡಗಿದೆ. ಓದುವಾಗ ಸಿಕ್ಕಿದ್ದು ಅಮೆರಿಕದ ಹೈಸ್ಕೂಲುಗಳಲ್ಲಿ ನಡೆಯುವ ಒಂದು ಪಾಠ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಾನ್ ಕೂಪರ್ ಎಂಬ ವಿಜ್ಞಾನಿ ಮತ್ತು ಕೆಲವು ಶಾಲಾ ಶಿಕ್ಷಕರು ಸೇರಿ ರೂಪಿಸಿದ್ದು, ಇವಾಲ್ವಿಂಗ್ ಸ್ಟೆಮ್ ಎಂದು ಅದರ ಹೆಸರು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಹೈಸ್ಕೂಲಿನಿಂದ ಶುರುವಾಯಿತು. ನಮ್ಮ ಒಂಬತ್ತು ಹತ್ತನೆಯ ತರಗತಿ ವಯಸ್ಸಿನ ಮಕ್ಕಳೇ ಒಂದು ವಾರದಲ್ಲಿ ಬ್ಯಾಕ್ಟೀರಿಯಾ ವಿಕಾಸವಾಗುವುದನ್ನು ಕಣ್ಣಾರೆ ನೋಡುತ್ತಾರೆ. ಔಷಧಿ ಇಲ್ಲ, ರೋಗದ ಬ್ಯಾಕ್ಟೀರಿಯಾ ಇಲ್ಲ.

ಮಾಡುವುದು ಇಷ್ಟು. ಟೆಸ್ಟ್ ಟ್ಯೂಬಿನಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರದ ನೀರು, ಅದರೊಳಗೆ ಒಂದು ಮಣಿ. ಬ್ಯಾಕ್ಟೀರಿಯಾ ಬೆಳೆದು ಕೆಲವು ಮಣಿಗೆ ಅಂಟಿಕೊಳ್ಳುತ್ತವೆ, ಬಹುಪಾಲು ನೀರಿನಲ್ಲೇ ತೇಲುತ್ತವೆ. ಮರುದಿನ ಮಣಿಯನ್ನು ಮಾತ್ರ ಎತ್ತಿ ಹೊಸ ಆಹಾರವಿರುವ ಟ್ಯೂಬಿಗೆ ಹಾಕಬೇಕು. ಅಲ್ಲಿ ಇನ್ನೊಂದು ಬಣ್ಣದ ಹೊಸ ಮಣಿ ಇರುತ್ತದೆ. ಹಳೆಯ ಮಣಿಯಿಂದ ಬಿಟ್ಟು ಹೊಸ ಮಣಿಗೆ ಅಂಟಬಲ್ಲವು ಮಾತ್ರ ಮೂರನೆಯ ದಿನದ ಟ್ಯೂಬಿಗೆ ಹೋಗುತ್ತವೆ. ನೀರಿನಲ್ಲಿ ಉಳಿದವು ಅಲ್ಲೇ ಉಳಿದವು. ಹೀಗೆ ದಿನವೂ. ನಮ್ಮ ಅಜ್ಜಿ ಕಣದಲ್ಲಿ ಕೂತು ಬೀಜಕ್ಕೆಂದು ಒಳ್ಳೆಯ ತೆನೆ ಆರಿಸಿ ಬೇರೆ ಇಡುತ್ತಿದ್ದಳಲ್ಲ, ಅದೇ. ಅಜ್ಜಿಯ ಜಾಗದಲ್ಲಿ ಮಣಿ ಇದೆ, ಅಷ್ಟೇ ವ್ಯತ್ಯಾಸ.

ವಾರದ ಕೊನೆಗೆ ಒಂದು ಹನಿ ತೆಗೆದು ತಟ್ಟೆಯಲ್ಲಿ ಹರಡಿದರೆ, ಒಂದೊಂದು ಬ್ಯಾಕ್ಟೀರಿಯಾವೂ ಬೆಳೆದು ಸಾಸಿವೆ ಕಾಳಿನಷ್ಟು ಗುಂಪಾಗುತ್ತದೆ. ಮೂಲದ ಗುಂಪು ನುಣ್ಣಗೆ, ದುಂಡಗೆ, ಹೊಳೆಯುತ್ತಾ ಇರುತ್ತದೆ. ಮಣಿಯ ಸಾಲಿನಿಂದ ಬಂದವುಗಳಲ್ಲಿ ಕೆಲವು ಸುಕ್ಕುಸುಕ್ಕಾಗಿ, ಆರಿದ ಹಾಲಿನ ಕೆನೆಯಂತೆ ಇರುತ್ತವೆ. ಒಂದಕ್ಕೊಂದು ಅಂಟಿಕೊಳ್ಳಲು ಅವು ಒಂದು ಬಗೆಯ ಅಂಟು ತಯಾರಿಸುತ್ತವೆ, ಅದರಿಂದ ಆ ಸುಕ್ಕು. ಇದೇ ಸುಕ್ಕಿನ ಬಗೆಯನ್ನು 1998ರಲ್ಲಿ ಪಾಲ್ ರೈನಿ ಮತ್ತು ಮೈಕಲ್ ಟ್ರಾವಿಸಾನೋ ಮಣಿಯೂ ಇಲ್ಲದೆ ತೋರಿಸಿದ್ದರು. ಅಲುಗಾಡಿಸದೆ ಇಟ್ಟ ಸೀಸೆಯಲ್ಲಿ ಗಾಳಿ ಸಿಗುವುದು ಮೇಲ್ಮೈಯಲ್ಲಿ, ಒಂದನ್ನೊಂದು ಹಿಡಿದು ಮೇಲೆ ಚಾಪೆಯ ಹಾಗೆ ತೇಲಬಲ್ಲವುಗಳಿಗೆ ಅಲ್ಲಿ ಲಾಭ. ಅದೇ ಸೀಸೆಯನ್ನು ಅಲುಗಾಡಿಸುತ್ತಾ ಇಟ್ಟರೆ ಗಾಳಿ ಎಲ್ಲ ಕಡೆ ಬೆರೆಯುತ್ತದೆ, ಚಾಪೆಯ ಲಾಭ ಹೋಗುತ್ತದೆ, ಈ ವೈವಿಧ್ಯ ಮೂಡುವುದಿಲ್ಲ. ಅಮೆರಿಕದ ಮಕ್ಕಳು ಇಲ್ಲಿಗೆ ನಿಲ್ಲಿಸುವುದಿಲ್ಲ. ಸುಕ್ಕಿನ ಗುಂಪಿನ ಡಿಎನ್‌ಎ ತೆಗೆದು ಅಕ್ಷರ ಓದಿಸುತ್ತಾರೆ. ಅನೇಕ ಸಲ ತಪ್ಪು ಸಿಗುವುದು ಡಬ್ಲ್ಯು-ಎಸ್-ಪಿ ಎಂಬ ಹೆಸರಿನ ಜೀನುಗಳ ಗುಂಪಿನಲ್ಲಿ. ಅಂಟು ತಯಾರಿಕೆಯನ್ನು ಯಾವಾಗ ಶುರು ಮಾಡಬೇಕು ಎಂದು ಹೇಳುವ ಸ್ವಿಚ್ಚಿನಂಥ ಜೀನುಗಳವು. ಸ್ವಿಚ್ಚು ಕೆಟ್ಟು ಆನ್ ಆಗಿಯೇ ಉಳಿದಿರುತ್ತದೆ. ನಮ್ಮ ಕೆಲಸದಲ್ಲಿ ಇದನ್ನು ಬಗ್ ಎನ್ನುತ್ತೇವೆ. ಆ ಟ್ಯೂಬಿನಲ್ಲಿ ಅದೇ ಬಂಡವಾಳ.

ಇನ್ನು ನನಗೆ ನಿದ್ದೆ ಬಿಡಿಸಿದ ಸಂಗತಿ. ಆ ಬ್ಯಾಕ್ಟೀರಿಯಾದ ಹೆಸರು ಸ್ಯೂಡೋಮೋನಾಸ್ ಫ್ಲೋರೆಸೆನ್ಸ್. ಹೆಸರು ಕೇಳಿದ ಹಾಗಿದೆಯಾ? ಶುಂಠಿ ಬೀಜ ಉಪಚಾರಕ್ಕೆ, ಮೆಣಸಿನ ಬಳ್ಳಿಯ ಬುಡಕ್ಕೆ, ಅಡಿಕೆ ಗಿಡದ ಬೇರಿಗೆ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಹಾಕುತ್ತೀರಲ್ಲ, ಟ್ರೈಕೋಡರ್ಮದ ಪಕ್ಕದಲ್ಲಿ ಅಂಗಡಿಯವನು ಇಟ್ಟಿರುವ ಬಿಳಿ ಪುಡಿಯ ಪೊಟ್ಟಣ, ಅದೇ ಸ್ಯೂಡೋಮೋನಾಸು. ಅಮೆರಿಕದ ಹೈಸ್ಕೂಲಿನಲ್ಲಿ ಬಳಸುವ ತಳಿ ಬೇರೆ, ಅದನ್ನು ಇಂಗ್ಲೆಂಡಿನಲ್ಲಿ ಸಕ್ಕರೆ ಬೀಟ್‌ರೂಟ್ ಎಲೆಯಿಂದ ಹಿಡಿದದ್ದು. ಜಾತಿ ಒಂದೇ. ನಮ್ಮ ಮನೆ ಅಟ್ಟದ ಮೇಲೆ ಮೂರು ಪೊಟ್ಟಣ ಇದ್ದವು.

ಆದರೆ ಪೊಟ್ಟಣದ ಪುಡಿಯಿಂದಲೇ ಪ್ರಯೋಗ ಮಾಡಬಾರದು ಎಂದು ನನ್ನ ಗೆಳೆಯ ಕಡ್ಡಿ ಮುರಿದ ಹಾಗೆ ಹೇಳಿದ. ಅದರಲ್ಲಿ ಬೇರೆ ಏನೇನು ಸೇರಿದೆಯೋ, ಅದನ್ನೂ ಸೇರಿಸಿ ಬೆಳೆಸಿದ ಹಾಗಾಗುತ್ತದೆ. ಶುದ್ಧ ತಳಿಗಳನ್ನು ಇಟ್ಟು ಕೊಡುವ ಸಂಗ್ರಹಗಳು ಚಂಡೀಗಢದಲ್ಲಿ, ಪುಣೆಯಲ್ಲಿ ಇವೆ. ಅವನ ಕಾಲೇಜಿನಲ್ಲಿ ಅಂಥ ತಳಿ ಇತ್ತು. ಮಕ್ಕಳೇ, ಇದನ್ನು ಗಮನವಿಟ್ಟು ಕೇಳಿ. ಬಾಯಿಯದ್ದು, ಗಾಯದ್ದು, ಮೊಬೈಲ್ ಮೇಲಿನದ್ದು ಎಂದು ಗೊತ್ತಿಲ್ಲದ ಬ್ಯಾಕ್ಟೀರಿಯಾವನ್ನು ಮನೆಯಲ್ಲಿ ಬೆಳೆಸಲು ಹೋಗಬೇಡಿ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ತಟ್ಟೆಯೊಳಗಿನ ಗಟ್ಟಿ ಪದಾರ್ಥ ಅಗರ್, ದಿನಸಿ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು ಅದೇ. ಇದನ್ನು ಪ್ರಯೋಗಾಲಯಕ್ಕೆ ತಂದದ್ದು ಒಬ್ಬ ಗೃಹಿಣಿ. ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಬಳಿ ಕೆಲಸ ಮಾಡುತ್ತಿದ್ದವನ ಹೆಂಡತಿ ಫ್ಯಾನಿ ಹೆಸ್ಸೆ, ಸಿಹಿತಿಂಡಿಗೆ ಬಳಸುತ್ತಿದ್ದ ಅಗರನ್ನು 1881ರ ಸುಮಾರಿಗೆ ಗಂಡನಿಗೆ ಸೂಚಿಸಿದಳು. ಅಲ್ಲಿಯವರೆಗೆ ಬಳಸುತ್ತಿದ್ದ ಜೆಲಾಟಿನ್ ಬೇಸಿಗೆಯಲ್ಲಿ ಕರಗಿ ನೀರಾಗುತ್ತಿತ್ತು. ಇನ್ನು ಎಲ್ಲವನ್ನೂ ಸೂಕ್ಷ್ಮಜೀವಿ ಇಲ್ಲದ ಹಾಗೆ ಕುದಿಸಲು ದೊಡ್ಡ ಯಂತ್ರ ಬೇಕು ಎಂದುಕೊಂಡಿದ್ದೆ. ಸುಮಾರು 121 ಡಿಗ್ರಿ ಶಾಖದಲ್ಲಿ ಹದಿನೈದಿಪ್ಪತ್ತು ನಿಮಿಷ ಸಾಕು, ಪ್ರೆಷರ್ ಕುಕ್ಕರು ಹೆಚ್ಚುಕಡಿಮೆ ಅಷ್ಟು ಶಾಖ ಕೊಡುತ್ತದೆ. ಅಮ್ಮನ ಐದು ಲೀಟರಿನ ಹಳೆಯ ಕುಕ್ಕರು ಈಗ ಇಲ್ಲಿದೆ, ಅದು ಇನ್ನು ಅಡುಗೆಮನೆಗೆ ವಾಪಸ್ ಹೋಗುವುದಿಲ್ಲ. ಅಮ್ಮ ಸಿಟ್ಟಾಗಿದ್ದಾಳೆ.

ಮೊದಲ ದಿನ ಪೇಟೆಯಿಂದ ತಂದ ಪ್ಲಾಸ್ಟಿಕ್ ಮಣಿಗಳನ್ನು ಕುಕ್ಕರಿನಲ್ಲಿಟ್ಟು ಕೂಗಿಸಿದೆವು. ತೆಗೆದು ನೋಡಿದರೆ ಎಲ್ಲ ಕರಗಿ ಒಂದು ಮುದ್ದೆ! ಆಮೇಲೆ ಜಾತ್ರೆಯಲ್ಲಿ ಕೊಂಡ ಕಪ್ಪು ಬಿಳಿ ಗಾಜಿನ ಮಣಿಯ ಸರವನ್ನು ಒಬ್ಬಳು ಹುಡುಗಿ ಬಿಚ್ಚಿ ತಂದುಕೊಟ್ಟಳು. ಆರು ಗುಂಪು ಮಾಡಿದೆವು. ಒಂದೊಂದು ಗುಂಪಿಗೆ ಎರಡು ಸಾಲು. ಒಂದರಲ್ಲಿ ಮಣಿ ದಾಟಿಸುವುದು, ಇನ್ನೊಂದರಲ್ಲಿ ಮಣಿ ಇಲ್ಲದೆ ಬರಿ ಒಂದು ಹನಿ ನೀರು ದಾಟಿಸುವುದು. ಎರಡನೆಯದು ಇಲ್ಲದಿದ್ದರೆ ಬದಲಾವಣೆ ಮಣಿಯ ದೆಸೆಯಿಂದ ಎಂದು ಹೇಳಲು ಬರುವುದಿಲ್ಲ. ಇದನ್ನು ಹೇಳಿಕೊಡಲು ಅರ್ಧ ದಿನ ಹಿಡಿಯಿತು, ಇಡೀ ಪ್ರಯೋಗದಲ್ಲಿ ಇದೇ ಮುಖ್ಯ ಪಾಠ ಎಂದು ನನಗನಿಸಿತು. ಇನ್ಕ್ಯುಬೇಟರ್ ಬೇಕಾಗಲಿಲ್ಲ. ಈ ಬ್ಯಾಕ್ಟೀರಿಯಾಕ್ಕೆ ನಮ್ಮ ಊರಿನ ಚಳಿಗಾಲದ ಹಗಲಿನ ಬಿಸಿ ಸಾಕು. ಭಾನುವಾರವೂ ಮಕ್ಕಳು ಬಂದರು, ಕೋಣೆಯ ಬೀಗ ತೆಗೆಯಲು ಟೀಚರ್ ಎಂಟು ಕಿಲೋಮೀಟರ್ ಸ್ಕೂಟಿಯಲ್ಲಿ ಬಂದರು.

ಫಲಿತಾಂಶವನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆರು ಗುಂಪಿನಲ್ಲಿ ಎರಡು ಗುಂಪಿನ ಟ್ಯೂಬಿಗೆ ಬೂಷ್ಟು ಬಂದು ಹಾಳಾಯಿತು. ಒಂದು ಗುಂಪಿನ ಸ್ಟ್ಯಾಂಡು ಕೈಜಾರಿ ಬಿತ್ತು. ಉಳಿದ ಮೂರರಲ್ಲಿ ಎರಡಕ್ಕೆ ಏಳನೆಯ ದಿನದ ತಟ್ಟೆಯಲ್ಲಿ ಸುಕ್ಕಿನ ಗುಂಪುಗಳು ಬಂದವು. ಮಣಿ ಇಲ್ಲದ ಸಾಲಿನ ತಟ್ಟೆಗಳೆಲ್ಲ ನುಣ್ಣಗೇ ಇದ್ದವು. ಮೂರನೆಯ ಗುಂಪಿಗೆ ಏನೂ ಬರಲಿಲ್ಲ. ಅದರಲ್ಲಿದ್ದ ಹುಡುಗರು "ನಮ್ಮದು ಫೇಲ್" ಎಂದು ಮುಖ ಸಪ್ಪೆ ಮಾಡಿಕೊಂಡರು. ಬದಲಾವಣೆ ಮೊದಲೇ ತಾನಾಗಿ ಆಗಿರಬೇಕು, ಆಗದಿದ್ದರೆ ಆರಿಸಲು ಏನಿದೆ ಎಂದು ಅವರಿಗೆ ಲೂರಿಯಾನ ಟ್ಯೂಬುಗಳ ಕತೆ ಹೇಳಿದೆವು.

ಆಗ ಮಣಿ ತಂದುಕೊಟ್ಟ ಅದೇ ಹುಡುಗಿ ಕೇಳಿದಳು: "ಅಣ್ಣಾ, ಇವು ಮಣಿ ನೋಡಿ ನೋಡಿ ಅಂಟೋದು ಕಲಿತ್ಕೊಂಡ್ವಾ?" ನನ್ನ ಕಾರಿಡಾರಿನ ಪ್ರಶ್ನೆ. ನಾನು ಉತ್ತರ ಹೇಳಲು ಬಾಯಿ ತೆರೆದೆ, ಗೆಳೆಯ ಕೈ ಹಿಡಿದು ತಡೆದ. "ಹೇಗೆ ಕಂಡುಹಿಡೀತೀರಿ?" ಎಂದು ಅವರನ್ನೇ ಕೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದೆ ಕೂತಿದ್ದ ಒಬ್ಬ ಹುಡುಗ, ಪರೀಕ್ಷೆಯಲ್ಲಿ ಅಷ್ಟೇನೂ ಅಂಕ ತೆಗೆಯದವನು, ಹೇಳಿದ: "ಮಣಿ ಇಲ್ದಿರೋ ಕಡೆ ಬೆಳ್ಸಿ ನೋಡೋಣ. ಬರಿ ಅಭ್ಯಾಸ ಆಗಿದ್ರೆ ಮರೆತು ನುಣ್ಣಗಾಗ್ಬೇಕು." ಸುಕ್ಕಿನ ಗುಂಪನ್ನು ಚುಚ್ಚಿ, ಮಣಿಯೇ ಇಲ್ಲದ ಹೊಸ ತಟ್ಟೆಗೆ ಎಳೆದೆವು. ಎರಡು ದಿನ ಬಿಟ್ಟು ನೋಡಿದರೆ ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಸುಕ್ಕೇ. ಬದಲಾವಣೆ ಇರುವುದು ವಂಶದ ಬರಹದಲ್ಲಿ.

ಆ ಬರಹವನ್ನೂ ನೋಡಿದೆವು. ಓದಲಿಲ್ಲ, ನೋಡಿದೆವು. ಗಾಜಿನ ಪಟ್ಟಿಯ ಮೇಲೆ ಶೇಕಡಾ 3ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದು ಹನಿ. ಅದು ಚರ್ಮ ಸುಡುವ ಕ್ಷಾರ, ಹಾಗಾಗಿ ಕೈಗವಸು, ಕನ್ನಡಕ ಹಾಕಿಕೊಂಡು ಟೀಚರೇ ಹಾಕಿದರು. ಅದಕ್ಕೆ ಹಲ್ಲುಕಡ್ಡಿಯಿಂದ ಒಂದಿಷ್ಟು ನುಣುಪು ಬ್ಯಾಕ್ಟೀರಿಯಾ ಸೇರಿಸಿ ಕಲಸಿ ಅರ್ಧ ನಿಮಿಷ ಬಿಟ್ಟು ಕಡ್ಡಿ ಎತ್ತಿದರೆ, ಬೆಲ್ಲದ ಎಳೆಪಾಕದ ಹಾಗೆ ನೂಲು ಎಳೆಯುತ್ತದೆ. ಕ್ಷಾರಕ್ಕೆ ಬ್ಯಾಕ್ಟೀರಿಯಾದ ತೆಳು ಗೋಡೆ ಒಡೆದು ಹೊರಬಿದ್ದ ಡಿಎನ್‌ಎ ಅದು. ಸುಕ್ಕಿನದ್ದನ್ನು ಇದಕ್ಕೆ ಬಳಸಲಿಲ್ಲ. ಅದರಲ್ಲಿ ಮೊದಲೇ ಅಂಟು ಇರುವುದರಿಂದ ಯಾವ ಎಳೆ ಯಾವುದರದ್ದೋ ಎಂದು ಗೊಂದಲವಾಗುತ್ತದೆ. ಈ ಬ್ಯಾಕ್ಟೀರಿಯಾದ ಉದ್ದ ಎರಡು ಮೂರು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಮೂರು ಭಾಗ. ಅದರೊಳಗಿನ ಡಿಎನ್‌ಎ ಬಿಡಿಸಿದರೆ ಎರಡು ಮಿಲಿಮೀಟರಿಗಿಂತ ಹೆಚ್ಚು. ಸುಮಾರು 67 ಲಕ್ಷ ಅಕ್ಷರ. ನನ್ನ ಭಾಷೆಯಲ್ಲಿ ಹೇಳುವುದಾದರೆ ಮೊಬೈಲಿನಲ್ಲಿ ತೆಗೆದ ಎರಡು ಫೋಟೋದಷ್ಟು ಫೈಲು. ಪ್ರತಿ ಸಲ ಒಂದು ಎರಡಾಗುವಾಗಲೂ ಅಷ್ಟನ್ನೂ ನಕಲು ಮಾಡಬೇಕು, ನೂರಾರು ಸಾವಿರಾರು ನಕಲಿಗೊಮ್ಮೆ ಎಲ್ಲೋ ಒಂದಕ್ಷರ ತಪ್ಪುತ್ತದೆ. ಒಂದು ಟ್ಯೂಬಿನಲ್ಲಿ ಕೋಟಿಗಟ್ಟಲೆ ಇರುವಾಗ ತಪ್ಪಿಗೇನು ಬರ? ನಮ್ಮ ಸುಕ್ಕಿನ ಗುಂಪಿನಲ್ಲಿ ಯಾವ ಅಕ್ಷರ ತಪ್ಪಿದೆ ಎಂದು ಓದಿಸಲು ಹೊರಗೆ ಕಳಿಸಬೇಕು. ಅದನ್ನು ಈ ಸಲ ಮಾಡಲಾಗಲಿಲ್ಲ. ಹಾಗಾಗಿ ಅದು ಡಬ್ಲ್ಯು-ಎಸ್-ಪಿ ಜೀನೇ ಎಂದು ನಾನು ಹೇಳುವುದಿಲ್ಲ, ಮಕ್ಕಳಿಗೂ ಹಾಗೆ ಬರೆಯಬೇಡಿ ಎಂದಿದ್ದೇನೆ.

ಒಂದು ವಾರದ್ದೇ ಇಷ್ಟಾದರೆ ವರ್ಷಗಟ್ಟಲೆ ಮಾಡಿದರೆ ಏನಾದೀತು ಎಂದು ಕೇಳಿದವರಿಗೆ ಅಮೆರಿಕದ ರಿಚರ್ಡ್ ಲೆನ್‌ಸ್ಕಿ ಇದ್ದಾರೆ. 1988ರ ಫೆಬ್ರವರಿಯಲ್ಲಿ ಒಂದೇ ಬ್ಯಾಕ್ಟೀರಿಯಾದ ಸಂತಾನವನ್ನು ಹನ್ನೆರಡು ಸೀಸೆಗೆ ಹಾಕಿ ದಿನವೂ ನೂರರಲ್ಲೊಂದು ಪಾಲು ಹೊಸ ಸೀಸೆಗೆ ದಾಟಿಸುತ್ತಾ ಬಂದರು. ನಾನು ಹುಟ್ಟುವ ಮೊದಲು ಶುರುವಾದ ಆ ಸಾಲನ್ನು ಈಗ ಟೆಕ್ಸಾಸಿನಲ್ಲಿ ಬೇರೆಯವರು ಮುಂದುವರಿಸಿದ್ದಾರೆ, ಎಪ್ಪತ್ತು ಸಾವಿರ ತಲೆಮಾರು ದಾಟಿದೆ. ಪ್ರತಿ 500 ತಲೆಮಾರಿಗೊಮ್ಮೆ ಒಂದಿಷ್ಟನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ, ಬೇಕೆಂದಾಗ ಹಳೆಯದನ್ನು ಎಬ್ಬಿಸಿ ಹೊಸದರ ಜೊತೆ ಓಟಕ್ಕೆ ಬಿಡಬಹುದು. ನಾವು ಸಾಫ್ಟ್‌ವೇರಿನಲ್ಲಿ ಹಳೆಯ ಆವೃತ್ತಿಗಳನ್ನು ಉಳಿಸುವ ಹಾಗೆಯೇ.

ಈ ಮಕ್ಕಳ ಹತ್ತನೆಯ ತರಗತಿಯ ವಿಷಯ ಹೇಳಬೇಕು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ವಿಜ್ಞಾನ ಪುಸ್ತಕದಲ್ಲಿ "ಅನುವಂಶೀಯತೆ ಮತ್ತು ಜೀವವಿಕಾಸ" ಎಂದಿದ್ದ ಅಧ್ಯಾಯ 2023ರ ಮುದ್ರಣದಲ್ಲಿ "ಅನುವಂಶೀಯತೆ" ಮಾತ್ರ ಆಯಿತು. ಮಕ್ಕಳ ಹೊರೆ ಇಳಿಸಲು ಎಂದು ಕಾರಣ ಕೊಟ್ಟರು. ಸಾವಿರದ ಎಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ವಿರೋಧಿಸಿ ಸಹಿ ಹಾಕಿದರು. ಮುಂದೆ ಜೀವಶಾಸ್ತ್ರ ತೆಗೆದುಕೊಳ್ಳುವವರು ಪಿ.ಯು.ಸಿ.ಯಲ್ಲಿ ಓದುತ್ತಾರೆ ಎನ್ನುತ್ತಾರೆ, ಸರಿ. ಆದರೆ ಜೀವಶಾಸ್ತ್ರ ತೆಗೆದುಕೊಳ್ಳದ ನನ್ನಂಥವರ ಕೈಗೂ ಒಂದು ದಿನ ಆ ಆರ್-ಎಸ್ ಹಾಳೆ ಬರುತ್ತದೆ. ಓದು ಬಿಟ್ಟು ತೋಟ ಮಾಡುವವರ ಕೈಗೂ ಬರುತ್ತದೆ. ನಿಜ ಹೇಳಬೇಕೆಂದರೆ ಪಾಠ ಇದ್ದಾಗ ಓದಿದ ನನಗೂ ಅದು ಉಪಯೋಗಕ್ಕೆ ಬರಲಿಲ್ಲ. ಹಾಗಾಗಿ ಪಾಠ ವಾಪಸ್ ಬಂದರೆ ಸಾಕು ಎಂದು ನಾನು ನಂಬಿಲ್ಲ.

ಕೊನೆಗೆ ಒಂದು ಕೋರಿಕೆ. ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಕೂಡಿರುವ ಹಣದಿಂದ ಗೇಟಿಗೆ ಕಲ್ಲಿನ ಕಮಾನು ಕಟ್ಟಿಸಿ, ದಾನಿಗಳ ಹೆಸರು ಕೆತ್ತಿಸುವುದೆಂದು ಯೋಚನೆ ನಡೆದಿದೆ. ಬೇಡ ಎನ್ನುತ್ತಿಲ್ಲ. ನನ್ನ ಹೆಸರೂ ಪಟ್ಟಿಯಲ್ಲಿದೆ. ಅದನ್ನು ತೆಗೆದು, ನನ್ನ ಪಾಲಿಗೆ ಒಂದು ಸಣ್ಣ ಫ್ರಿಜ್ಜು, ಎರಡು ಒಳ್ಳೆಯ ಮೈಕ್ರೋಸ್ಕೋಪು, ಒಂದು ಸಾಲು ಕರೆಂಟಿನ ಪ್ಲಗ್ಗು, ತೊಳೆಯಲು ನಲ್ಲಿ ಇಷ್ಟನ್ನು ಮಾಡಿಸಿಕೊಡಿ. ಇನ್ನೊಂದು ನಾಲ್ಕೈದು ಜನ ಹೀಗೆ ಮಾಡಿದರೆ ಕಮಾನಿನ ಎತ್ತರ ಎರಡಡಿ ಕಡಿಮೆಯಾಗಬಹುದು. ಮೈಕ್ರೋಸ್ಕೋಪಿನ ಲೆನ್ಸು ಒಡೆದರೆ ಟೀಚರ ಸಂಬಳಕ್ಕೆ ಕೈ ಹಾಕುವುದಿಲ್ಲ, ಸಂಘ ಕೊಡುತ್ತದೆ ಎಂದು ಇವತ್ತಿನ ಸಭೆಯ ನಡವಳಿಯಲ್ಲೇ ಬರೆಸಿಬಿಡಿ. ಹಣಕ್ಕಿಂತ ಇದು ಮುಖ್ಯ. ಬೀರು ತೆರೆಯುವುದು ಅದರಿಂದ.

ಮಕ್ಕಳ ತಟ್ಟೆಗಳು ಪ್ರಯೋಗಾಲಯದ ಕಿಟಕಿ ಪಕ್ಕದ ಮೇಜಿನ ಮೇಲೆ ಇವೆ. ಎಡಗಡೆಯದು ನುಣುಪು, ಬಲಗಡೆಯದು ಸುಕ್ಕು. ಮುಚ್ಚಳಕ್ಕೆ ಟೇಪು ಹಾಕಿದೆ, ದಯವಿಟ್ಟು ಯಾರೂ ಬಿಚ್ಚಬೇಡಿ, ಎತ್ತಿ ಬೆಳಕಿಗೆ ಹಿಡಿದು ನೋಡಿ. ಮೂರನೆಯ ಗುಂಪಿನ ಹುಡುಗರು ತಮ್ಮ ಖಾಲಿ ತಟ್ಟೆಯನ್ನೂ ಇಟ್ಟಿದ್ದಾರೆ, ಅವರನ್ನೂ ಮಾತಾಡಿಸಿ. ಸಂಜೆ ಐದಕ್ಕೆ ಎಲ್ಲವನ್ನೂ ಅಮ್ಮನ ಕುಕ್ಕರಿನಲ್ಲಿ ಬೇಯಿಸಿ, ಬ್ಲೀಚಿಂಗ್ ಪುಡಿಯ ನೀರಿಗೆ ಹಾಕುತ್ತೇವೆ. ಅಷ್ಟರೊಳಗೆ ಬಂದು ನೋಡಿ.